ಬಾಳವ್ವ ಹೊಡೆದಳೆಂಬುದನ್ನು ಹುಲಿಗೆವ್ವ ಜಾಲತಾಣ ಕಟ್ಟಿ ಸಾಧಿಸಿದ ಪರ್ವ

ಕೇಳಿ, ಮಹಾಜನರೇ! ಮೊಬೈಲೆಂಬುದು ಮನುಜರ ಅಂಗೈಯಲ್ಲಿ ಆರನೆಯ ಬೆರಳಾಗಿ ಮೊಳೆತ ಈ ಯುಗದಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಪಾವನವಾದ ಗಂಗಾವತೀ ಪಟ್ಟಣದಲ್ಲಿ, ಕುಪ್ಪಸಕರ್ತನಕೋವಿದೆಯೂ ಸೂಜಿಮೊನೆಯಷ್ಟೂ ಸೋಲನೊಪ್ಪದವಳೂ ಆದ ಹುಲಿಗೆವ್ವ ಮಾದರ ಎಂಬ ವೀರವನಿತೆಯಿದ್ದಳು. ವಾರವೆಲ್ಲ ರವಿಕೆ ಹೊಲಿದು, ಶನಿವಾರ ಓದುಗರ ಬಳಗದಲ್ಲಿ ಕೂತು ವಾದಿಸುವುದು ಅವಳ ವ್ರತ.

ಒಂದು ಶನಿವಾರ, ಅರವತ್ತು ವರ್ಷ ಹಳೆಯದಾದ ‘ಏಳನೆಯ ತೂಬು’ ಕಾದಂಬರಿಯ ಚರ್ಚೆ ನಡೆದಿರಲು, ಅವಳೆಂದಳು: “ಇದರಾಗ ನನಗ ಭಾಳ ಸೇರಿದ್ದಂದ್ರ, ಕೂಲಿ ಬಾಳವ್ವ ದೇಸಾಯಿಗೆ ಕಾಲಾಗಿನ ಕೆರ ತಗೊಂಡು ಹೊಡೀತಾಳಲ್ರೀ, ಅದು.”

ಒಡನೆಯೇ ಪಿಂಚಣಿಪರಿಪುಷ್ಟರೂ, ಪುಟಸಂಖ್ಯಾಪಾರಂಗತರೂ, ಎದುರಾಳಿಯ ಮಾತು ಮುಗಿಯುವ ಮೊದಲೇ ನಿಟ್ಟುಸಿರಿಟ್ಟು ಅನೇಕರನ್ನು ಧರಾಶಾಯಿಯಾಗಿಸಿದವರೂ ಆದ ನಿವೃತ್ತ ಉಪನ್ಯಾಸಕ ಚನ್ನಬಸಯ್ಯ ಹಿರೇಮಠರು ಗರ್ಜಿಸಿದರು: “ಎಲ್ಲೈತಿ ತಂಗಿ ಅದು? ಪುಸ್ತಕ ನನ್ನ ಕೈಯಾಗೈತಿ. ಮೂವತ್ತು ವರ್ಷ ಪಾಠ ಮಾಡೀನಿ. ಬಾಳವ್ವ ದೇಸಾಯಿ ಮುಂದ ಅಳ್ತಾಳ, ಅಷ್ಟ. ನಿನ್ನ ಸಿಟ್ಟು ತಂದು ಕಾದಂಬರ್ಯಾಗ ತುರುಕಬ್ಯಾಡ.”

ಬಳಗ ನಕ್ಕಿತು. ಹನ್ನೊಂದು ವರ್ಷ ಆ ಚಾಪೆಯ ಮೇಲೆ ಕೂತು ಗಳಿಸಿದ್ದ ಮಾತಿನ ಹಕ್ಕು ಒಂದೇ ನಗೆಗೆ ಹಾರಿಹೋಯಿತೆಂದು ಹುಲಿಗೆವ್ವನಿಗೆ ತಿಳಿಯಿತು. ಹಾಸ್ಟೆಲಿನಲ್ಲಿ ಹದಿನಾರನೆಯ ವಯಸ್ಸಿಗೆ ಆ ಕಾದಂಬರಿಯ ರಟ್ಟು ಕಿತ್ತ ಹಳೆಯ ಪ್ರತಿಯೊಂದನ್ನೋದಿ, ಬಾಳವ್ವ ಹೊಡೆದಳೆಂಬ ಧೈರ್ಯಕ್ಕೇ ತಲೆಯೆತ್ತಿ ನಡೆದವಳಿಗೆ, ಹೊಡೆದೇ ಇಲ್ಲವೆಂದರೆ ಹೇಗೆ?

“ಕೇಳ್ರಿ ಸರ್,” ಎಂದು ಪ್ರತಿಜ್ಞೆಗೈದಳು. “ಆ ಏಟು ಹುಡುಕಿ ತರತೀನಿ. ನಿಮಗಷ್ಟ ಅಲ್ಲ, ಲೋಕಕ್ಕ ತೋರಸ್ತೀನಿ. ಇನ್ನ ಯಾರೂ ಇಲ್ಲ ಅನಬಾರದು, ಹಂಗ!”

ಮೂರು ಊರುಗಳ ಹಳೆಪುಸ್ತಕದ ರಾಶಿಗಳನ್ನು ಮಥಿಸಿದ ಮೇಲೆ, ಕೊಪ್ಪಳದ ಮುಖ್ಯೋಪಾಧ್ಯಾಯಿನಿಯೊಬ್ಬರ ಟ್ರಂಕಿನಿಂದ ಮೊದಲ ಮುದ್ರಣದ ಪ್ರತಿ ಉದ್ಭವಿಸಿತು. ಏಟು ಅಲ್ಲೇ ಇತ್ತು! ಉಳ್ಳವರಿಗೆ ನೋವಾದೀತೆಂದು ಪ್ರಕಾಶಕರು ಎರಡನೆಯ ಮುದ್ರಣದಲ್ಲಿ ಒಂದೂವರೆ ಪುಟ ಕಿತ್ತು, ಆ ಜಾಗಕ್ಕೆ ಕಣ್ಣೀರು ತುಂಬಿದ್ದರು. ಬಡವರ ಕಣ್ಣೀರಿಗೆ ಯಾರ ತಕರಾರೂ ಇರುವುದಿಲ್ಲ.

“ಇಲ್ಲೇ ಕೂತು ಬರಕೋ. ಪುಸ್ತಕ ಹೊಸ್ತಿಲ ದಾಟಂಗಿಲ್ಲ,” ಎಂದರು ಮುಖ್ಯೋಪಾಧ್ಯಾಯಿನಿ.

ಅಲ್ಲಿಯೇ ಕೂತು ಹುಲಿಗೆವ್ವ ಮೊಬೈಲಿನಲ್ಲಿ ಜಾಲತಾಣ ಕಟ್ಟತೊಡಗಿದಳು. ನಿನ್ನ ಪಾಸ್‌ವರ್ಡ್ ದುರ್ಬಲವೆಂದು ಯಂತ್ರವು ಮೂರು ಬಾರಿ ಜರೆಯಿತು. ಸಿಗ್ನಲ್ ಕಂಬದ ಚಿತ್ರಗಳನ್ನು ಆರಿಸಿ, ನೀನು ಮನುಷ್ಯಳೆಂದು ಸಾಬೀತುಮಾಡು ಎಂದಿತು. ಆ ಪುರಾವೆಯನ್ನು ಅವಳ ಜನ ತಲೆತಲಾಂತರದಿಂದ ಕೊಡುತ್ತಲೇ ಬಂದಿದ್ದರಿಂದ ಅವಳು ಅಳುಕಲಿಲ್ಲ.

ಆದರೆ ಪುಟವನ್ನು ಒತ್ತುತ್ತ ಏಟಿನ ಸಾಲಿಗೆ ಬಂದಾಗ ಬೆರಳು ನಿಂತಿತು. ಬಾಳವ್ವನ ಕೈಯಲ್ಲಿದ್ದದ್ದು ಕೆರವಲ್ಲ, ಕಸಬರಿಗೆ. ಒಂದು ಪದ ತಿದ್ದಿದರೆ ಕೇಳುವವರಾರು? ತಿದ್ದಿದರೆ ತಾನೂ ಆ ಪ್ರಕಾಶಕರ ಮನೆಯವಳೇ. ‘ಕಸಬರಿಗೆ’ ಎಂದೇ ಒತ್ತಿದಳು. ಎರಡೂ ಮುದ್ರಣಗಳ ಸಾಲುಗಳನ್ನು ತಾಣದಲ್ಲಿ ಅಕ್ಕಪಕ್ಕ ಇಟ್ಟಳು.

ಶನಿವಾರ ಹಿರೇಮಠರು ಅದನ್ನು ಎರಡು ಸಲ ಓದಿದರು.

“ಹೊಡದಾಳ ಬಿಡವ್ವ. ಮೂವತ್ತು ವರ್ಷ ಹುಡುಗ್ರಿಗೆ ಅಳೂ ಬಾಳವ್ವನ್ನ ಕಲಿಸೀನಿ ನೋಡು. ತಪ್ಪು ನಂದು.” ಸ್ವಲ್ಪ ಹೊತ್ತಿನಲ್ಲೇ ಅವರ ಮುಖ ಅರಳಿತು. “ಆದ್ರ ಇದು ಕೆರ ಅಲ್ಲಲ್ಲ!”

“ಅಲ್ರೀ ಸರ್. ಕಸಬರಿಗಿ. ನಾನೂ ತಪ್ಪಿದ್ದೆ.”

“ಹಿಡಿ ಕಡೆಯಿಂದ ಹೊಡದ್ಲೋ, ಕಡ್ಡಿ ಕಡೆಯಿಂದ?”

“ಹಿಡಿ!” ಎಂದಿತು ಅರ್ಧ ಬಳಗ. “ಹಿಡಿ ಎಲ್ಲೀದ್ರೀ, ಕಡ್ಡೀನ!” ಎಂದಿತು ಇನ್ನರ್ಧ. ಅಲ್ಲಿಂದ ಎರಡು ತಾಸು ತುಮುಲ ಯುದ್ಧ ನಡೆಯಿತು. ಎಲ್ಲರಿಗಿಂತ ಜೋರಾಗಿ ಹುಲಿಗೆವ್ವನೇ ಮಾತಾಡಿದಳು; ಯಾರೂ ನಗಲಿಲ್ಲ.

ಮುಂದಿನ ಶನಿವಾರ ಹಿರೇಮಠರು ಕೈಚೀಲದಲ್ಲಿ ಒಂದು ಕಸಬರಿಗೆ ಹಾಕಿಕೊಂಡು ಬಂದರು.