ಮಾದರಿ ಮನೆಯ ಕಾಯಂ ಫಲಾನುಭವಿ

ಪುಣೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ಎಂಬುದನ್ನು ಆಡಳಿತ ಮಂಡಳಿ ಸರ್ವಾನುಮತದಿಂದ ಅಂಗೀಕರಿಸಿದೆ. ಹನ್ನೆರಡನೆಯ ತಿಂಗಳು ಅಧ್ಯಾಪಕರು ಅಧ್ಯಾಪಕರಾಗಿರುವುದಿಲ್ಲ. ಆ ಮೂವತ್ತು ದಿನ ಅವರು ಏನಾಗಿರುತ್ತಾರೆ ಎಂಬ ಬಗ್ಗೆ ನಿಯಮಾವಳಿ ಮೌನವಾಗಿದೆ. ಆಮೇಲೆ ಹೊಸ ಆದೇಶ, ಹೊಸ ಹನ್ನೊಂದು ತಿಂಗಳು. ಸಿಬ್ಬಂದಿ ವಿಭಾಗದ ಗುಮಾಸ್ತ ಹುಸೇನಪ್ಪನಾದ ನಾನೇ ಈ ಆದೇಶಗಳನ್ನು ಟೈಪು ಮಾಡುವವನು. ಭಾಳ ಅಚ್ಚುಕಟ್ಟಾದ ವ್ಯವಸ್ಥೆ. ಯಾರೂ ಕಾಯಂ ಆಗಿಬಿಡುವ ಅಪಾಯವಿಲ್ಲ.

ಡಾ. ಲೀಲಾಕ್ಷಿ ನಮ್ಮ ‘ಸೇವಾಸಂಸ್ಥೆಗಳ ನಿರ್ವಹಣೆ ಮತ್ತು ಕೈಗೆಟುಕುವ ವಸತಿ’ ವಿಭಾಗದ ಏಕೈಕ ಅಧ್ಯಾಪಕಿ. ಕುಂದಾಪುರದ ಕಡೆಯವರು. ಬಡವರಿಗೆ ಮನೆ ಸಿಗುವುದು ಹೇಗೆ ಎಂಬುದರ ಮೇಲೆ ಪಿಎಚ್.ಡಿ. ಮಾಡಿದ್ದಾರೆ. ಸ್ವತಃ ಪುಣೆಯ ಕೊಂಢವಾ ಬಡಾವಣೆಯಲ್ಲಿ, ಸೋಲಾಪುರದ ಬಾಬು ಸೇಠನ ಒಂದು ಖೋಲಿಯಲ್ಲಿ ಬಾಡಿಗೆಗಿದ್ದರು. ಊರಿನ ಪದ್ಧತಿಯಂತೆ ಆ ಕರಾರೂ ಹನ್ನೊಂದೇ ತಿಂಗಳಿನದು.

ಈ ಏಪ್ರಿಲ್‌ನಲ್ಲಿ ಕೆಲಸದ ಆದೇಶ, ಮನೆಯ ಕರಾರು ಎರಡೂ ಒಂದೇ ದಿನ ಮುಗಿದವು. “ನೌಕರಿ ಐತಿ ಅನ್ನೋ ಪತ್ರ ತರ್ರಿ, ಹೊಸಾ ಕರಾರು ಮಾಡೋಣು,” ಎಂದ ಬಾಬು ಸೇಠ. ನೌಕರಿಯ ಪತ್ರ ಕೊಡಬೇಕಾದರೆ ನಮ್ಮ ನಿಯಮ ಹದಿನಾಲ್ಕರ ಪ್ರಕಾರ ಮನೆಯ ಕರಾರು ಬೇಕು.

“ಮನೆ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಮನೆ ಇಲ್ಲ. ನಾನೆಂಥ ಮಾಡುವುದು ಮಾರಾಯ್ರೆ?” ಎಂದರು ಮೇಡಂ.

“ನಿಯಮ ಹಂಗ ಅದರೀ ಮೇಡಂ. ಅರ್ಜಿ ಕೊಡ್ರಿ. ಅರ್ಜಿ ತೊಗೊಳ್ಳಾಕ ಏನೂ ಅಡ್ಡಿ ಇಲ್ಲ.”

ಅವರ ಕಣ್ಣು ತುಂಬಿತು. ನನ್ನ ಕರುಳೂ ಚುರುಕ್ ಅಂದಿತು. ಗುಮಾಸ್ತನ ಕರುಳಿಗೆ ಯಾವ ನಮೂನೆಯೂ ಇಲ್ಲವಾದ್ದರಿಂದ, ಸುಮ್ಮನೆ ಮಾದರಿ ಮನೆಯ ಕೀಲಿ ಕೊಟ್ಟೆ.

ಮಾದರಿ ಮನೆ ಎಂದರೆ ದಾನಿಗಳ ನೆರವಿನಿಂದ ಕ್ಯಾಂಟೀನಿನ ಹಿಂದೆ ಕಟ್ಟಿದ ಒಂದು ಪ್ರದರ್ಶನ. ಬಡ ಕುಟುಂಬವೊಂದು ಎಷ್ಟು ಸುಖವಾಗಿರಬಹುದು ಎಂದು ಅದು ತೋರಿಸುತ್ತದೆ. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಬಾಳೆಹಣ್ಣು, ಗೋಡೆಗೆ ನಳ. ನಳಕ್ಕೆ ಪೈಪಿಲ್ಲ. ‘ಒಳಗೆ ಯಾರೂ ವಾಸಿಸತಕ್ಕದ್ದಲ್ಲ’ ಎಂಬ ಫಲಕವೂ ಇದೆ.

ಎಂಟನೆಯ ದಿನ ದಾನಿಗಳ ತಂಡ ಬಂತು. ನಿರ್ದೇಶಕಿ ಪೂರ್ವಾ ಮೇಡಂ ಹೆಮ್ಮೆಯಿಂದ ಬಾಗಿಲು ತೆರೆದರೆ, ಒಳಗೆ ಲೀಲಾಕ್ಷಿ ಮೇಡಂ ಬಂಗುಡೆ ಹುರಿಯುತ್ತಿದ್ದಾರೆ! ನಾನು ಮೆಲ್ಲಗೆ ಸರಿದು ಫಲಕಕ್ಕೆ ಅಡ್ಡವಾಗಿ ನಿಂತೆ. ದಾನಿಗಳು ಮಾತ್ರ ಕುಣಿದಾಡಿದರು. ಅವರು ಇಪ್ಪತ್ತು ಮಾದರಿ ಮನೆ ನೋಡಿದ್ದರಂತೆ, ಒಳಗೆ ಮನುಷ್ಯರು ಕಂಡದ್ದು ಇದೇ ಮೊದಲಂತೆ.

“ಈಕೆ ನಮ್ಮ ಫಲಾನುಭವಿ,” ಎಂದರು ಪೂರ್ವಾ ಮೇಡಂ, ರೆಪ್ಪೆ ಮಿಟುಕಿಸದೆ.

“ಪಾಪ, ಮೊದಲು ಏನಾಗಿದ್ದಿರಿ?” ಎಂದು ದಾನಿಯೊಬ್ಬರು ಕೇಳಿದರು.

“ಅಧ್ಯಾಪಕಿ.”

ದಾನಿಗಳು ಕಣ್ಣೊರೆಸಿಕೊಂಡರು. ಅಲ್ಲೇ ನಿಂತು ದೊಡ್ಡ ಅನುದಾನ ಘೋಷಿಸಿದರು. ಷರತ್ತು ಎರಡೇ: ಫಲಾನುಭವಿಯನ್ನು ಎಂದೂ ಹೊರಹಾಕಕೂಡದು, ಆಕೆಗೆ ಬೇರೆ ಉದ್ಯೋಗ ಇರಕೂಡದು. ಮರುದಿನ ನಾನು ಈ ಆದೇಶ ಟೈಪು ಮಾಡಿದೆ:

‘ಡಾ. ಲೀಲಾಕ್ಷಿ ಅವರನ್ನು ಮಾಸಿಕ ಭತ್ಯೆಯೊಂದಿಗೆ ಕಾಯಂ ಫಲಾನುಭವಿಯಾಗಿ ನೇಮಿಸಲಾಗಿದೆ. ಅವರು ಕಚೇರಿ ವೇಳೆಯಲ್ಲಿ ಬಡವರಾಗಿರತಕ್ಕದ್ದು. ಸಂದರ್ಶಕರ ಎದುರು ಪಿಎಚ್.ಡಿ. ಪ್ರಸ್ತಾಪಿಸತಕ್ಕದ್ದಲ್ಲ.’

ಮೇಡಂ ಅದನ್ನು ಎರಡು ಸಲ ಓದಿದರು. “ಹಾಗಾದರೆ ಇನ್ನು ಪಾಠ ಮಾಡುವ ಹಾಗಿಲ್ಲವಾ?”

“ಫಲಾನುಭವಿಗೆ ಮಾತಾಡೋ ಕೆಲಸ ಇಲ್ರಿ. ಫೋಟೋ ತಗಿಯೋವಾಗ ನಗಬೇಕು, ಅಷ್ಟ.”

ಕಿಟಕಿಯಾಚೆ ಅವರ ತರಗತಿ ಕಾಣುತ್ತಿತ್ತು. ಆ ಹೆಣ್ಣುಮಗಳು ಅದನ್ನು ನೋಡುತ್ತ ಪೆನ್ನು ಹಿಡಿದು ಬಹಳ ಹೊತ್ತು ನಿಂತಳು. ನನಗೆ ನೋಡಲಾಗಲಿಲ್ಲ.

“ಕಾಯಂ ಹೌದಲ್ಲ?”

“ಹೌದ್ರಿ.”

ಸಹಿ ಹಾಕಿದರು.

ಅವರ ಖಾಲಿ ಹುದ್ದೆಗೆ ಜಾಹೀರಾತು ಕೊಟ್ಟೆವು. ಒಂದೂ ಅರ್ಜಿ ಬರಲಿಲ್ಲ. ಅನುದಾನದಲ್ಲಿ ಇನ್ನೂ ಆರು ಮಾದರಿ ಮನೆ ಎದ್ದವು. ಫಲಾನುಭವಿ ಹುದ್ದೆಗೆ ನಮ್ಮ ಅಧ್ಯಾಪಕರಿಂದಲೇ ಅರವತ್ತೊಂದು ಅರ್ಜಿ ಬಂದವು. ಆಯ್ಕೆ ಸಮಿತಿಗೆ ವಿಷಯತಜ್ಞೆಯಾಗಿ ಲೀಲಾಕ್ಷಿ ಮೇಡಂ ಅವರನ್ನೇ ಕೂರಿಸಿದೆವು. ಇಪ್ಪತ್ತೆರಡು ವರ್ಷ ಅರ್ಥಶಾಸ್ತ್ರ ಕಲಿಸಿದ ದೇವದಾಸ್ ಸರ್ ಮೊದಲು ಬಂದರು.

“ಒಮ್ಮೆ ಕೃತಜ್ಞತೆಯಿಂದ ನಗಿ ನೋಡುವ,” ಎಂದರು ಮೇಡಂ.

ಸರ್ ನಕ್ಕರು.

“ಇದರಲ್ಲಿ ಸ್ವಲ್ಪ ಸ್ವಾಭಿಮಾನ ಉಂಟು ಸರ್,” ಎಂದರು ಮೇಡಂ, ಬಹಳ ಮರ್ಯಾದೆಯಿಂದ. “ಅಭ್ಯಾಸ ಮಾಡಿ, ಮುಂದಿನ ವರ್ಷ ಬನ್ನಿ.”

ಸರ್ ಥ್ಯಾಂಕ್ಸ್ ಹೇಳಿ ಹೋದರು. ಈಗ ಮಧ್ಯಾಹ್ನ ಊಟದ ಹೊತ್ತಿಗೆ ಅಧ್ಯಾಪಕರೆಲ್ಲ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ನಗುತ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ. ಗುಮಾಸ್ತರಿಗೂ ಅವಕಾಶ ಕೊಡಬಹುದೆಂಬ ಸುದ್ದಿ ಇರುವುದರಿಂದ ನಾನೂ ಹೋಗಿ ಕೂರುತ್ತೇನೆ.