ಹಂಗಾಮಿ ಕಾರ್ಯದರ್ಶಿಗೊಂದು ಅಡಿಟಿಪ್ಪಣಿ

ನಮ್ಮ ಸಂಘ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸುತ್ತದೆ. ಗ್ರಂಥಗಳು ನಿಧಾನವಾಗಿ ಹೊರಬರುತ್ತವೆ, ನಗೆಪಾಟಲಿನ ಪ್ರಸಂಗಗಳು ಮಾತ್ರ ಪ್ರತಿ ಸಭೆಗೂ ತಪ್ಪದೆ ಹೊರಬರುತ್ತವೆ. ಓಲೆಗರಿಯಲ್ಲೋ ಮಾಸಿದ ಕಾಗದದಲ್ಲೋ ಇರುವುದನ್ನು ಓದಿ, ಪ್ರತಿಗಳನ್ನು ಹೋಲಿಸಿ ಪುಸ್ತಕ ಮಾಡುವುದು ನಮ್ಮ ಕೆಲಸ. ಗ್ರಂಥದಲ್ಲಿ ಯಾವ ಅಕ್ಷರ ಎಲ್ಲಿರಬೇಕು ಎಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಸಂಘದಲ್ಲಿ ಯಾರು ಎಲ್ಲಿರಬೇಕು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ.

ಪೆನ್ನು

ನಾನು ಅಲ್ಲಿಗೆ ಹೋದದ್ದು ಅಡುಗೆಯ ಮೇಲಿನ ಒಂದು ಹಳೆಯ ಗ್ರಂಥವನ್ನು ಕೊಳ್ಳಲು. ಆಗಷ್ಟೇ ವಿಮಾ ಕಚೇರಿಯಿಂದ ನಿವೃತ್ತಳಾಗಿದ್ದೆ. ಜಯನಗರದ ಮನೆಯಿಂದ ಬನಶಂಕರಿಗೆ ಬಸ್ಸು, ಅಲ್ಲಿಂದ ವಸಂತಪುರಕ್ಕೆ ಆಟೊ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಿ ಹೋದರೆ ಒಳಗೆ ಸಭೆ ನಡೆಯುತ್ತಿತ್ತು. ಅಧ್ಯಕ್ಷರು ವಯಸ್ಸಾದ ನಿವೃತ್ತ ಪ್ರಾಧ್ಯಾಪಕರು. ನನ್ನನ್ನು ನೋಡಿದವರೇ, "ಪೆನ್ ಇದ್ಯಾ ಮೇಡಂ?" ಎಂದರು.

"ಇದೆ ಸಾರ್."

"ಸದ್ಯ! ನಮ್ಮ ಕಾರ್ಯದರ್ಶಿಗಳು ಕಣ್ಣಿನ ಆಪರೇಷನ್‌ಗೆ ಹೋಗಿದ್ದಾರೆ. ಇವತ್ತೊಂದಿನ ನಡಾವಳಿ ಬರ್ಕೊಂಡ್ಬಿಡಿ."

ಬರೆದುಕೊಂಡೆ. ಸಹಿಯ ಕೆಳಗೆ ಏನೆಂದು ಹಾಕಲಿ ಎಂದು ಕೇಳಿದೆ. "ಹಂಗಾಮಿ ಕಾರ್ಯದರ್ಶಿ ಅಂತ ಹಾಕಿ, ಅವರು ಬರೋವರೆಗೆ" ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಕಣ್ಣು ನಿಚ್ಚಳವಾದ ಮೇಲೆ ಆ ಕಾರ್ಯದರ್ಶಿಗಳು ಬಂದು, ಸಂಘವನ್ನು ಒಮ್ಮೆ ಸರಿಯಾಗಿ ನೋಡಿದರು. ಮತ್ತೆ ಬರಲಿಲ್ಲ.

ಪೋಷಕರು

ಕಟ್ಟಡದ ಮಾಲೀಕರು ವಸಂತಪುರದ ಹಳೇ ಊರಿನವರು. ಕೆಳಗಿನ ಅಂಗಡಿಯೂ ಅವರದೇ. ಮೇಲಿನ ಕೋಣೆಯನ್ನು ನಮಗೆ ಸುಮ್ಮನೆ ಬಿಟ್ಟುಕೊಟ್ಟಿದ್ದರು. ಅಂಥವರಿಗೊಂದು ಸ್ಥಾನ ಕೊಡದಿದ್ದರೆ ಹೇಗೆ ಎಂದು ಸಭೆ ತೀರ್ಮಾನಿಸಿತು. ಸುದ್ದಿ ಹೇಳಲು ನಾನು ಕೆಳಗಿಳಿದೆ.

"ಅಣ್ಣಾ, ನಿಮ್ಮನ್ನ ನಮ್ಮ ಸಂಘದ ಪೋಷಕರನ್ನಾಗಿ ಮಾಡಿದೀವಿ."

ಅವರು ಮೊಳೆ ತೂಗುವುದನ್ನು ನಿಲ್ಲಿಸಿದರು. "ಪೋಷಕರಾ? ಅಂದ್ರೆ ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕ್ತಾರಲ್ಲ, ಆ ಪೋಷಕರಾ?"

"ಹೆಚ್ಚುಕಮ್ಮಿ ಹಾಗೇ ಅಣ್ಣಾ."

"ಮೇಲಿರೋರೆಲ್ಲ ನನಗಿಂತ ದೊಡ್ಡೋರಲ್ವಾ ಮೇಡಂ? ಇರ್ಲಿ, ನೋಡ್ಕೊಂತೀನಿ ಬಿಡಿ."

ಮಾತು ಕೊಟ್ಟರೆ ತಪ್ಪುವವರಲ್ಲ. ಮುಂದಿನ ಸಭೆ ಮುಗಿಯುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಎಲ್ರೂ ಇಳಿದ್ರಾ? ಲೈಟು, ಫ್ಯಾನು ಆರ್ಸಿದ್ರಾ?"

ಅಧ್ಯಕ್ಷರು ಊರುಗೋಲು ಸರಿಮಾಡಿಕೊಂಡು, "ಲೈಟ್ ಆರ್ಸಿದೀನಿ ಸಾರ್. ಫ್ಯಾನ್ ಆರಿಸ್ಬೇಕಾಗಿದ್ದು ಇವ್ರು" ಎಂದು ಪ್ರಧಾನ ಸಂಪಾದಕರ ಕಡೆ ಬೆರಳು ತೋರಿಸಿದರು.

ತೂಕದ ಮಾತು

ಈ ಪ್ರಧಾನ ಸಂಪಾದಕರದು ಮಾತು ಕಡಿಮೆ, ನೇಮ ಜಾಸ್ತಿ. ಮೂಲದಲ್ಲಿ ಇದ್ದದ್ದನ್ನು ಯಾರೂ ತಿದ್ದಕೂಡದು. ತಪ್ಪೆಂದು ಕಂಡರೂ ಹಾಗೆಯೇ ಅಚ್ಚು ಹಾಕಿ, ಪುಟದ ಅಡಿಯಲ್ಲಿ "ಮೂಲದಲ್ಲಿ ಹೀಗೇ ಇದೆ, ಇಂಥದು ಇರಬೇಕು" ಎಂದು ಟಿಪ್ಪಣಿ ಕೊಡಬೇಕು. ಹಿಂದಿನ ಕಾಲದಲ್ಲಿ ಓಲೆಗರಿಯ ನಕಲು ಮಾಡಿದ ಲಿಪಿಕಾರ ಕೈತಪ್ಪಿ ಬರೆದಿದ್ದರೆ "ಲಿಪಿಕಾರನ ದೋಷ" ಎಂದೂ ಸೇರಿಸಬೇಕು. ಇದೆಲ್ಲ ಗ್ರಂಥಗಳಿಗೆ ಮಾತ್ರ ಎಂದು ನಾನು ತಿಳಿದಿದ್ದೆ.

ಒಂದು ಸಭೆಯ ನಡಾವಳಿಯಲ್ಲಿ "ಅಧ್ಯಕ್ಷರು ತೂಕದ ಮಾತನ್ನಾಡಿದರು" ಎಂದು ಬರೆಯಲು ಹೊರಟೆ. ಅವಸರದಲ್ಲಿ ಅದು "ಅಧ್ಯಕ್ಷರು ತೂಕಡಿಸಿ ಮಾತನಾಡಿದರು" ಎಂದಾಗಿಬಿಟ್ಟಿತು. ಹೊಡೆದುಹಾಕಲು ಪೆನ್ನೆತ್ತಿದರೆ ಸಂಪಾದಕರು ಕೈ ಅಡ್ಡ ತಂದರು.

"ಮೂಲ ಮುಟ್ಬೇಡಿ ಮೇಡಂ."

ಪುಟದ ಅಡಿಯಲ್ಲಿ ದುಂಡಗಿನ ಅಕ್ಷರದಲ್ಲಿ ಅವರೇ ಬರೆದರು: "ಮೂಲದಲ್ಲಿ ಹೀಗೇ ಇದೆ. ‘ತೂಕದ ಮಾತನ್ನಾಡಿದರು’ ಎಂದಿರಬೇಕು. ಸಂದರ್ಭ ನೋಡಿದರೆ ಎರಡೂ ಸಲ್ಲುತ್ತವೆ."

ಅಧ್ಯಕ್ಷರು ಅದಕ್ಕೂ ಸಹಿ ಹಾಕಿದರು, ಅರ್ಧ ಕಣ್ಣು ಮುಚ್ಚಿಕೊಂಡೇ.

ಸ್ಟ್ರಕ್ಚರ್

ನಾನು ಹಂಗಾಮಿ ಎಂದೇ ಸಹಿ ಹಾಕುತ್ತಾ ಕೆಲವು ವರ್ಷ ಕಳೆದ ಮೇಲೆ ಜೆ.ಪಿ. ನಗರದಿಂದ ಒಬ್ಬರು ಹೊಸದಾಗಿ ಸೇರಿದರು. ಯಾವುದೋ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದವರು. ಬಂದ ದಿನವೇ, "ಎಲ್ಲಾ ಸರಿ ಸಾರ್, ಆದ್ರೆ ಸಂಘಕ್ಕೆ ಒಂದು ಸ್ಟ್ರಕ್ಚರೇ ಇಲ್ವಲ್ಲಾ" ಎಂದರು. ನಮಗೂ ಹೌದೆನ್ನಿಸಿತು. ಸ್ಟ್ರಕ್ಚರ್ ಬಂತು. ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು, ಸಹ ಸಂಪಾದಕರು, ಓಲೆಗರಿ ವಿಭಾಗಕ್ಕೊಬ್ಬ ಮುಖ್ಯಸ್ಥರು, ಕಾಗದ ವಿಭಾಗಕ್ಕೆ ಇನ್ನೊಬ್ಬರು. ಕಾಫಿ ತರಿಸುತ್ತಿದ್ದವರು ಆತಿಥ್ಯ ಸಂಚಾಲಕರಾದರು. ಪದಾಧಿಕಾರಿಗಳು ಠರಾವು ಮಂಡಿಸಬೇಕು, ಸದಸ್ಯರು ಮಾತ್ರ ಕೈ ಎತ್ತಿ ಓಟು ಹಾಕಬೇಕು ಎಂಬ ನಿಯಮವನ್ನೂ ಮ್ಯಾನೇಜರೇ ತಂದರು.

ಕೊನೆಗೆ ಹುದ್ದೆಯಿಲ್ಲದೆ ಉಳಿದವರು ಚಿಕ್ಕಲಸಂದ್ರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಧಾರವಾಡ ಕಡೆಯವರೊಬ್ಬರೇ. ನಾವು ಅಚ್ಚು ಹಾಕಿದ್ದನ್ನೆಲ್ಲ ಕೊಂಡು ಓದುವವರು. ಅವರನ್ನು ಪ್ರಚಾರ ಪ್ರಮುಖರನ್ನಾಗಿ ಮಾಡೋಣ ಎಂದು ಮ್ಯಾನೇಜರ್ ಹೇಳಿದಾಗ ಅವರು ಎದ್ದು ಕೈಮುಗಿದರು.

"ಬ್ಯಾಡ್ರಿ ಸರ. ನಾ ಒಬ್ಬಾವ್ನರ ಸದಸ್ಯ ಆಗಿ ಉಳೀತೀನಿ. ಇಷ್ಟು ಮಂದಿ ದೊಡ್ಡವ್ರಾದ ಮ್ಯಾಲ ಕೈ ಎತ್ತಾಕ ಒಬ್ರರ ಬೇಕಲ್ರಿ?"

ಅಡಿಟಿಪ್ಪಣಿ

ಅದೇ ದಿನ ಏಳುವ ಮುಂಚೆ ಮ್ಯಾನೇಜರ್, "ಇನ್ನೊಂದ್ ಪಾಯಿಂಟ್. ಹಂಗಾಮಿ ಅನ್ನೋ ಪೋಸ್ಟು ಸ್ಟ್ರಕ್ಚರಲ್ಲಿ ಬರಲ್ಲ. ಮುಂದಿನ್ ಸಭೇಲಿ ತೆಗೆದ್ಬಿಡೋಣ. ಕಾರ್ಯದರ್ಶಿ ಕೆಲಸ ನಾನೇ ನೋಡ್ಕೋತೀನಿ" ಎಂದರು.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಒಳ್ಳೇದೇ ಆಯ್ತಲ್ಲ! ಬಿಟ್ಬಿಡ್ತೀನಿ, ಬಿಟ್ಬಿಡ್ತೀನಿ ಅಂತ ನೀನೇ ಅಂತಿದ್ದೆ" ಎಂದರು.

"ನಾನಾಗಿ ಬಿಡೋದು ಬೇರೆ, ರೀ."

ಹೇಳಿಕೊಳ್ಳಲು ನಾಚಿಕೆ, ಆದರೆ ಬಿಡಲು ಮನಸ್ಸಿರಲಿಲ್ಲ. ಪ್ರೂಫ್ ಹರಡಿಕೊಂಡು ಕೂರುವ ಮಧ್ಯಾಹ್ನಗಳು, ಹೊಸ ಪುಸ್ತಕದ ಕಟ್ಟು ಬಿಚ್ಚಿದಾಗ ಬರುವ ವಾಸನೆ, ಅಧ್ಯಕ್ಷರ ತೂಕಡಿಕೆ, ಎಲ್ಲ ನನ್ನವಾಗಿದ್ದವು. ಅವತ್ತು ಸಾರಿಗೆ ಉಪ್ಪು ಹಾಕಿರಲಿಲ್ಲ ಎಂದು ಊಟ ಮುಗಿದ ಮೇಲೆ ಗೊತ್ತಾಯಿತು. ಯಜಮಾನರು ತುಟಿ ಪಿಟ್ಟೆನ್ನದೆ ಉಂಡಿದ್ದರು.

ಮುಂದಿನ ಸಭೆಯಲ್ಲಿ ಪದಾಧಿಕಾರಿಗಳೆಲ್ಲ ಮೇಜಿನ ಒಂದು ಪಕ್ಕ ಒತ್ತಿಕೊಂಡು ಕೂತೆವು. ಎದುರಿಗೆ ಬಟ್ಟೆ ಅಂಗಡಿಯವರೊಬ್ಬರೇ. ಮ್ಯಾನೇಜರ್ ಠರಾವು ಓದಿದರು. ಸಂಪಾದಕರು ಗಂಟಲು ಸರಿಮಾಡಿಕೊಂಡರು.

"ಹೊಸ ಪುಸ್ತಕದ ಮೊದಲ ಪುಟದಲ್ಲಿ ಪದಾಧಿಕಾರಿಗಳ ಹೆಸರು ಬರ್ಬೇಕು. ನಡಾವಳಿಯಲ್ಲಿ ಇವರು ಹಂಗಾಮಿ ಕಾರ್ಯದರ್ಶಿ ಅಂತಿದೆ. ಮೂಲ ತಿದ್ದೋಹಾಗಿಲ್ಲ."

"ತಿದ್ಬೇಡಿ ಸಾರ್, ತೆಗೀರಿ."

"ತೆಗೆಯೋದು ತಿದ್ದೋದಕ್ಕಿಂತ ದೊಡ್ಡ ಅಪರಾಧ. ಬೇಕಾದ್ರೆ ಒಂದು ಟಿಪ್ಪಣಿ ಹಾಕ್ತೀನಿ."

"ಹಾಗಾದ್ರೆ ಓಟಿಗೆ ಹಾಕಿ!" ಎಂದರು ಮ್ಯಾನೇಜರ್. ಓಟು ಯಾರದು ಎಂಬುದು ಅವರಿಗೆ ನೆನಪಾದದ್ದು ಆಮೇಲೆ. ಎಲ್ಲರೂ ಬಟ್ಟೆ ಅಂಗಡಿಯವರತ್ತ ತಿರುಗಿದೆವು. ಅವರು ನಿಧಾನವಾಗಿ ಎದ್ದರು.

"ಪುಸ್ತಕ ಕಳಿಸಿ, ‘ಮುಟ್ತೇನ್ರಿ, ಓದಿದ್ರೇನ್ರಿ’ ಅಂತ ಫೋನ್ ಮಾಡಿ ಕೇಳಾವ್ರು ಈ ಅಕ್ಕಾರೊಬ್ರ. ಮೂಲ ಹಂಗ ಇರ್ಲಿ ಬಿಡ್ರಿ. ಟಿಪ್ಪಣಿ ಹಾಕ್ರಿ." ಕೈ ಎತ್ತಿದರು.

"ಸರ್ವಾನುಮತದಿಂದ ಅಂಗೀಕಾರ" ಎಂದರು ಅಧ್ಯಕ್ಷರು. ಅವರು ಅಷ್ಟು ಎಚ್ಚರವಾಗಿದ್ದುದನ್ನು ನಾನು ಕಂಡಿದ್ದು ಅವತ್ತೇ. ಮ್ಯಾನೇಜರಿಗೆ ಅವತ್ತು ಫ್ಯಾನ್ ಆರಿಸುವ ಜವಾಬ್ದಾರಿ ಸಿಕ್ಕಿತು.

ಪುಸ್ತಕ ಬಂತು. ಮೊದಲ ಪುಟ ತೆರೆದೆ. ನನ್ನ ಹೆಸರಿನ ಮುಂದೆ ಹಂಗಾಮಿ ಕಾರ್ಯದರ್ಶಿ ಎಂದೇ ಇತ್ತು, ಪಕ್ಕದಲ್ಲೊಂದು ಚಿಕ್ಕ ನಕ್ಷತ್ರ. ಕಣ್ಣು ಪುಟದ ಅಡಿಗೆ ಇಳಿಯಿತು: "ಮೂಲದಲ್ಲಿ ಹೀಗೇ ಇದೆ. ‘ಕಾಯಂ’ ಎಂದಿರಬೇಕು. ಲಿಪಿಕಾರಳ ದೋಷ."

ಕಣ್ಣು ಮಂಜಾಯಿತು. ಪುಸ್ತಕವನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಟಿಪ್ಪಣಿಯನ್ನು ಎರಡೆರಡು ಸಲ ಓದಿ, ತಲೆಯೆತ್ತಿ ಕೇಳಿದರು:

"ನಡಾವಳಿ ಬರೀತಿದ್ದೋಳು ನೀನೇ ಅಲ್ವಾ? ಅಂದ್ರೆ ಇಷ್ಟು ವರ್ಷ ತಪ್ಪು ನಿಂದೇ ಅನ್ನು!"