ಪಿಕಪ್ಪಿಗೊಂದು ಮೂಗು

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಸಿಗುವ ಮೊದಲ ಆಸ್ತಿ ಬುದ್ಧಿಮಾತು. ಮದುವೆಮನೆಯ ಬಡಿಸುವವರ ಹಾಗೆ ಜನ ಅದನ್ನು ಎಲೆತುಂಬ ಹಾಕುತ್ತಾರೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಮೇಲೇ ಬಡಿಸುತ್ತಾರೆ. ನಮ್ಮ ಯಜಮಾನರು ಹೋದ ಮೇಲೆ ನಾನು ಏನು ತಿನ್ನಬೇಕು, ಯಾವ ಕ್ಷೇತ್ರಕ್ಕೆ ಹೋಗಬೇಕು, ಎಷ್ಟು ಅಳಬೇಕು ಎಂಬುದಕ್ಕೆಲ್ಲ ಮಾರ್ಗದರ್ಶನ ಸಿಕ್ಕಿತು. ಅತ್ತರೆ ಆರೋಗ್ಯ ಕೆಡುತ್ತದೆ ಎಂದರು, ಅಳದಿದ್ದರೆ ಗಟ್ಟಿಗಿತ್ತಿ ಎಂದು ಆಚೆ ಹೋಗಿ ಆಡಿಕೊಂಡರು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ಆ ಮಳೆಗಾಲದಲ್ಲೇ ಒಂದು ಡೀಸೆಲ್ ಪಿಕಪ್ಪಿಗೆ ಹೊಸ ಮೂಗು ಆರಿಸಬೇಕಾಗಿ ಬಂದರೆ ಏನು ಮಾಡಬೇಕು ಎಂದು ಮಾತ್ರ ಒಬ್ಬರೂ ಹೇಳಿಕೊಡಲಿಲ್ಲ.

ಗಾಡಿಗೂ ಮೂಗಿರುತ್ತದೆ ಎಂಬುದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ಬೇಕಂತೆ, ಆ ಗಾಳಿಯನ್ನು ಸೋಸಿ ಒಳಗೆ ಬಿಡುವುದಕ್ಕೆ ಒಂದು ಡಬ್ಬಿ, ಒಂದು ಕೊಳವೆ ಇರುತ್ತವಂತೆ. ನಮ್ಮ ಗಾಡಿಯ ಡಬ್ಬಿ ಎಂದೋ ಸೀಳಿತ್ತು. ಯಜಮಾನರು ಅದಕ್ಕೆ ಸೈಕಲ್ ಟ್ಯೂಬು ಸುತ್ತಿ ಸುತ್ತಿ ನಡೆಸುತ್ತಿದ್ದರು. ಕಲ್ಕತ್ತದ ಲೇಕ್ ಮಾರ್ಕೆಟ್ಟಿನ ನಮ್ಮ ಅಡುಗೆಮನೆಯಿಂದ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ಗೆ ಬೆಳಗಾಗುತ್ತಲೇ ಇಡ್ಲಿ, ವಡೆ, ಸಾಂಬಾರು ಹೊರಡಬೇಕು. ಅಮೆರಿಕದವರ ಹಗಲಿಗೆ ತಮ್ಮ ರಾತ್ರಿಯನ್ನು ಜೋಡಿಸಿಕೊಂಡು ಕೆಲಸ ಮಾಡಿದ ಕಂಪ್ಯೂಟರ್ ಹುಡುಗರು ಅಲ್ಲಿ ಹಸಿದು ಕೂತಿರುತ್ತಾರೆ. ಅವರಿಗಾಗಿಯೇ ಯಜಮಾನರು ಈ ಹಳೇ ಪಿಕಪ್ಪನ್ನು ಕೊಂಡದ್ದು. ಅದರ ಜೊತೆ ಅವರು ಆಡುತ್ತಿದ್ದಷ್ಟು ಮಾತನ್ನು ನನ್ನ ಜೊತೆ ಆಡಿದ್ದರೆ ನಾನು ಇಷ್ಟು ಮೌನಿಯಾಗುತ್ತಿರಲಿಲ್ಲವೇನೋ. ಅವರು ಹೋದ ಮೇಲೆ ಟ್ಯೂಬು ಸುತ್ತುವವರಿಲ್ಲದೆ ಡಬ್ಬಿ ಪೂರ್ತಿ ಬಾಯ್ಬಿಟ್ಟಿತು. ಸೇತುವೆ ಹತ್ತುವಾಗ ಗಾಡಿ ಮುದುಕರ ಹಾಗೆ ಕೆಮ್ಮಿ ಕಪ್ಪುಹೊಗೆ ಬಿಡತೊಡಗಿತು. ಆ ಮಾದರಿಗೆ ಕಂಪನಿಯವರು ಡಬ್ಬಿ ಮಾಡುವುದನ್ನೇ ನಿಲ್ಲಿಸಿದ್ದರು. ಹೊರಗಿನವರು ಮಾಡಿದ್ದನ್ನೇ ಹುಡುಕಬೇಕಾಯಿತು.

ಮೈಸೂರಿನಿಂದ ನಮ್ಮಣ್ಣ ಶಾಮಣ್ಣ ಫೋನಿನಲ್ಲೇ ನಕ್ಕುಬಿಟ್ಟ. ನನಗೆ ಐವತ್ತು ದಾಟಿದರೂ ಅವನಿಗೆ ನಾನು ಪುಟ್ಟಿಯೇ. "ಮಾರೋ ಗಾಡಿಗೆ ಯಾರಾದ್ರೂ ಮೂಗು ಕಟ್ಟಿಸ್ತಾರೇನೇ ಪುಟ್ಟಿ? ಗಾಡಿ ಮಾರು, ಒಲೆ ಆರಿಸು, ಇಲ್ಲಿಗೆ ಬಾ. ಅತ್ತಿಗೆ ನಿಂಗೆ ಅಂತ ರೂಮು ಗುಡಿಸಿ ಇಟ್ಟಿದಾಳೆ," ಎಂದ. ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯವರ ಮಾತಿಗೆ ಎದುರಾಡುವುದು ಕಷ್ಟ. ಜಗಳಗಂಟರಾದರೆ ಎಷ್ಟೋ ಸುಲಭ. ಗಾಡಿ ಹೋದರೆ ಇಡ್ಲಿ ಹೋಯಿತು, ಇಡ್ಲಿ ಹೋದರೆ ನಾನು ಅತ್ತಿಗೆಯ ಗುಡಿಸಿದ ರೂಮಿನಲ್ಲಿ ಜಪಮಣಿ ಎಣಿಸುತ್ತ ಕೂರಬೇಕು. ನನಗೆ ಅದು ಬೇಕಿರಲಿಲ್ಲ. ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ. ನೋಡೋಣ ಅಣ್ಣ ಎಂದೆ. ನೋಡೋಣ ಎಂಬ ಮಾತು ಕನ್ನಡದಲ್ಲಿಲ್ಲದಿದ್ದರೆ ನನ್ನಂಥವರು ಎಂದೋ ಮೂಗರಾಗುತ್ತಿದ್ದೆವು.

ಮೂಗು ಆರಿಸುವ ಕೆಲಸಕ್ಕೆ ಮಾತ್ರ ಜನಕ್ಕೆ ಬರವಿರಲಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಕಾರ್ತಿಕ್ ಮತ್ತು ಇಮ್ರಾನ್, ಇಬ್ಬರೂ ಬೆಂಗಳೂರಿನ ಹುಡುಗರು, ಸೆಕ್ಟರ್ ಫೈವ್‌ನಲ್ಲೇ ಕೆಲಸ. ಒಂದು ಭಾನುವಾರ ನನ್ನ ಅಡುಗೆಮನೆಗೆ ಲ್ಯಾಪ್‌ಟಾಪ್ ತಂದು, ರುಬ್ಬುವ ಯಂತ್ರದ ಮೇಲಿಟ್ಟು, ನನ್ನನ್ನು ಮಣೆಯ ಮೇಲೆ ಕೂರಿಸಿ ಬಣ್ಣಬಣ್ಣದ ಚಿತ್ರಗಳ ಒಂದು ಪ್ರೆಸೆಂಟೇಶನ್ ತೋರಿಸಿದರು. ಆಫೀಸಿನಲ್ಲಿ ವಿದೇಶದ ಸಾಹೇಬರಿಗೆ ಹೀಗೇ ತೋರಿಸುತ್ತಾರಂತೆ. ಅವರ ಆಯ್ಕೆ ಹೊಳೆಹೊಳೆಯುವ ಒಂದು ತೆರೆದ ಫಿಲ್ಟರ್; ಬೋರಲು ಹಾಕಿದ ಶಂಕುವಿನ ಹಾಗಿತ್ತು, ಕೆಂಪು ಬಣ್ಣ. ಬಂಪರಿನ ಹಿಂದೆ ತಗ್ಗಿನಲ್ಲಿ ಕೂರಿಸಿದರೆ ತಣ್ಣನೆಯ ಗಾಳಿ ಎಳೆದುಕೊಂಡು ಎಂಜಿನ್ ಹುಲಿಯಾಗುತ್ತದೆಯಂತೆ. ಹುಲಿ ಸಾಂಬಾರು ಚೆಲ್ಲುವುದಿಲ್ಲವೇ ಎಂದು ಕೇಳಿದೆ. "ಆಂಟಿ, ಸೌಂಡು ಕೇಳಿ ಮೊದ್ಲು, ವಿಮಾನ ಇದ್ದಂಗಿರುತ್ತೆ," ಎಂದ ಇಮ್ರಾನ್. ಇಡ್ಲಿ ತರುವ ಗಾಡಿ ವಿಮಾನದ ಹಾಗೆ ಏಕೆ ಕೂಗಬೇಕು ಎಂಬುದಕ್ಕೆ ಅವರ ಚಿತ್ರಗಳಲ್ಲಿ ಉತ್ತರವಿರಲಿಲ್ಲ.

ನಮ್ಮ ಡ್ರೈವರ್ ನಿಮಾಯ್ ಇನ್ನೊಂದು ಪಕ್ಷ. ಅವನು ಯಜಮಾನರನ್ನು ದಾದಾ ಎಂದವನು, ಹಾಗಾಗಿ ನಾನು ಬೌದಿ, ಅತ್ತಿಗೆ. ಅವನು ಮಲ್ಲಿಕ್ ಬಜಾರಿನ ಒಂದು ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿ ಎದೆಯುದ್ದದ ಒಂದು ಕರಿ ಕೊಳವೆಯನ್ನು ತೋರಿಸಿದ. ಬಾನೆಟ್ಟಿನ ಪಕ್ಕದಿಂದ ಹೊರಟು ಗಾಜಿನ ಅಂಚಿಗುಂಟ ಮೇಲೇರಿ ಗಾಡಿಯ ತಲೆಯವರೆಗೆ ನಿಲ್ಲುವಂಥದು. ತುದಿಯಲ್ಲಿ ಛತ್ರಿಯಂಥ ಮುಚ್ಚಳ. ಏಕಪ್ಪಾ ಇದೇ ಬೇಕು ಎಂದರೆ, ಗಾಡಿಗಳ ದೇವರು ವಿಶ್ವಕರ್ಮ, ವಿಶ್ವಕರ್ಮನ ವಾಹನ ಆನೆ, ಇದು ಆನೆಯ ಸೊಂಡಿಲಿನ ಹಾಗಿದೆ, ಇನ್ನೇನು ಬೇಕು ಬೌದಿ ಎಂದ. ಹುಡುಗರ ವಾದಕ್ಕಿಂತ ಇದು ಕೆಟ್ಟದಾಗೇನೂ ಇರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನಗೆ ಗೊತ್ತಿರುವ ಯಂತ್ರವೆಂದರೆ ಇಡ್ಲಿ ಪಾತ್ರೆ. ಅದರಲ್ಲಿ ನೀರು ಕೆಳಗೆ, ಉಸಿರಿನ ತೂತು ಮೇಲೆ. ತೂತು ಕೆಳಗಿದ್ದರೆ ಇಡ್ಲಿ ಗಂಜಿಯಾಗುತ್ತದೆ. ಕಲ್ಕತ್ತದಲ್ಲಿ ಮಳೆ ಆಕಾಶದಿಂದ ಬೀಳುವುದಕ್ಕಿಂತ ರಸ್ತೆಯಿಂದ ಏಳುವುದೇ ಹೆಚ್ಚು. ಆಷಾಢದಲ್ಲಿ ಉಲ್ಟಾಡಾಂಗಾದ ಸೇತುವೆ ಕೆಳಗೆ ಬಸ್ಸುಗಳು ಎಮ್ಮೆಗಳ ಹಾಗೆ ಸೊಂಟದವರೆಗೆ ನೀರಲ್ಲಿ ನಿಂತಿರುತ್ತವೆ. ಅಂಥಲ್ಲಿ ಬಂಪರಿನ ಹತ್ತಿರ ಮೂಗಿಟ್ಟುಕೊಂಡು ಹೋಗುವುದೆಂದರೆ ಕೊಳದಲ್ಲಿ ಮುಖವಿಟ್ಟು ಉಸಿರೆಳೆದ ಹಾಗೆ. ಹೊಸ ಡಬ್ಬಿ ಸಮೇತ ಕೊಳವೆಯನ್ನೇ ಕೊಂಡೆ. ನಿಮಾಯ್ ಆನೆ ಗೆದ್ದಿತೆಂದು ಹಿಗ್ಗಿದ. ಹುಡುಗರು ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ಬಿಸಿಬೇಳೆಬಾತಿನ ವಾಸನೆಗೆ ಕೆಳಗಿಳಿದರು. ಮುಂದಿನ ದೊಡ್ಡ ಮಳೆಗೆ ದಾರಿಯಲ್ಲಿ ಕಾರುಗಳೆಲ್ಲ ಬಾಯಿ ಮುಚ್ಚಿ ನಿಂತಿರಲು ನಮ್ಮ ಗಾಡಿ ಸೊಂಡಿಲೆತ್ತಿಕೊಂಡು ನೀರು ಸೀಳಿ ಹೋಗಿ ಬಿಸಿ ಇಡ್ಲಿ ತಲುಪಿಸಿ ಬಂತು. ಅವತ್ತು ನಾನು ತುಂಬ ದಿನದ ಮೇಲೆ ಒಬ್ಬಳೇ ನಕ್ಕೆ.

ಈ ಕೀರ್ತಿಯೇ ಮುಳುವಾಯಿತು. ಸೊಂಡಿಲಿನ ಸುದ್ದಿ ಕೇಳಿ ಮೀನು ಸಾಗಿಸುವ ಒಬ್ಬ ದಾಸ್‌ಬಾಬು ಗಾಡಿ ಕೊಳ್ಳಲು ಮುಂದೆ ಬಂದರು. ಮಾತಿಗೆ ಮಾತು ಬಂದು ನಾನು ಇದನ್ನು ಫೋನಿನಲ್ಲಿ ಅಣ್ಣನಿಗೆ ಹೇಳಿಬಿಟ್ಟೆ. ಬಾಯಿ ಮುಚ್ಚಿಕೊಂಡಿರುವುದೇ ನನ್ನ ಸ್ವಭಾವ. ತೆರೆದದ್ದು ಅದೊಂದು ಸಲ. ಅಣ್ಣ ದಾಸ್‌ಬಾಬುಗಳ ಜೊತೆ ಮಾತಾಡಿ, ಒಂದು ದಿನ ಗೊತ್ತುಮಾಡಿ, ಹೌರಾದಲ್ಲಿ ಬಂದಿಳಿದೇಬಿಟ್ಟ. ಗಾಡಿ ನಡೆಸಿ ನೋಡಿ ದಾಸ್‌ಬಾಬು ಒಪ್ಪಿದರೆ, ಮುಂದಿನ ವಾರ ನಾನು ಮೈಸೂರಿನ ರೈಲಿನಲ್ಲಿ.

ಆ ದಿನ ವಿಶ್ವಕರ್ಮ ಪೂಜೆ. ನಮಗೆ ಆಯುಧಪೂಜೆಯಿದ್ದ ಹಾಗೆ ಬಂಗಾಳದ ಗಾಡಿಗಳಿಗೆ ಅದೇ ಹಬ್ಬ. ಯಜಮಾನರು ಹೋಗಿ ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ಹಬ್ಬ ಕೂಡದೆಂದು ಅಣ್ಣನ ಕಟ್ಟಪ್ಪಣೆಯಿತ್ತು. ಆದ್ದರಿಂದ ಹಬ್ಬವನ್ನು ನಿಮಾಯ್‌ಗೆ ವಹಿಸಿದ್ದೆ. ಆಗ ಎಲ್ಲ ಕೆಲಸವನ್ನೂ ಹೊರಗಿನವರಿಗೆ ವಹಿಸುವ ಕಾಲವೇ ಆಗಿತ್ತಲ್ಲ. ಅವನು ಗಾಡಿ ತೊಳೆದು, ಕೊಳವೆಯ ಮುಚ್ಚಳ ಬಿಚ್ಚಿ ಒಣಗಲಿಟ್ಟು, ಉಳಿದದ್ದು ನೀವು ಮಾಡಿ ಬೌದಿ ಎಂದು ತನ್ನ ಕೇರಿಯಲ್ಲಿ ಹಬ್ಬದ ಗಾಳಿಪಟ ಹಾರಿಸಲು ಓಡಿದ. ಅಣ್ಣ ಸ್ನಾನಕ್ಕೆ ಹೋಗಿದ್ದ. ನಾನು ಹೂ ಹಿಡಿದು ಬಂದು ನೋಡುತ್ತೇನೆ: ನೆಟ್ಟಗೆ ನಿಂತ ಕೊಳವೆ, ಮೇಲಕ್ಕೆ ತೆರೆದ ದುಂಡು ಬಾಯಿ. ಇಷ್ಟು ವರ್ಷ ಕಲಶವಿಟ್ಟ ಕೈ. ಅಂಥ ಬಾಯಿ ಬರಿದಾಗಿರುವುದನ್ನು ಅದಕ್ಕೆ ನೋಡಲಾಗಲಿಲ್ಲ. ಸ್ಟೂಲು ಹತ್ತಿ ಐದು ಮಾವಿನೆಲೆ ಜೋಡಿಸಿ, ಅರಿಶಿನ ಬಳಿದ ತೆಂಗಿನಕಾಯಿಯನ್ನು ಜುಟ್ಟು ಮೇಲಾಗಿ ಕೂರಿಸಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ದೇವರಾಣೆಗೂ ಆ ಕ್ಷಣಕ್ಕೆ ನನ್ನ ಮನಸ್ಸಿನಲ್ಲಿ ಭಕ್ತಿಯಲ್ಲದೆ ಬೇರೇನೂ ಇರಲಿಲ್ಲ.

ಅಣ್ಣ ಈಚೆ ಬಂದು ನಿಮಾಯ್‌ನದೇ ಕೆಲಸವೆಂದುಕೊಂಡು, ಬಂಗಾಳಿಯಾದರೂ ಕಲಶ ಎಷ್ಟು ಅಚ್ಚುಕಟ್ಟು ನೋಡು ಎಂದು ಮೆಚ್ಚಿದ. ದಾಸ್‌ಬಾಬು ಬಂದವರೂ ಚಪ್ಪಲಿ ಬಿಟ್ಟು ಕೈಮುಗಿದರು. ಒಳಗೆ ಕೂತು ಬೀಗದ ಕೈ ತಿರುವಿದರು. ಗಾಡಿ ಸ್ಟಾರ್ಟಾಯಿತು, ಒಮ್ಮೆ ಗುಡುಗಿತು, ಆಮೇಲೆ ಗಂಟಲು ಹಿಡಿದವರ ಹಾಗೆ ಗೊರಗೊರ ಎಂದು ಕಪ್ಪುಹೊಗೆ ಕಾರಿ ಸತ್ತಿತು. ಮತ್ತೆ ತಿರುವಿದರು, ಅದೇ ಕಥೆ. ಗಾಡಿ ಉಸಿರೆಳೆದಷ್ಟೂ ಕಾಯಿ ಇನ್ನೂ ಬಿಗಿಯಾಗಿ ಕೂರುತ್ತಿತ್ತು. ಮಳೆಗಾಲವೆಲ್ಲ ಮೂಗಿನ ಪಾಠ ಕೇಳಿದ ನನಗೆ ಎರಡನೆಯ ಸಲಕ್ಕೇ ಎಲ್ಲ ಅರ್ಥವಾಯಿತು. ಸ್ಟೂಲು ಪಕ್ಕದಲ್ಲೇ ಇತ್ತು, ಹತ್ತಿ ಕೈ ಚಾಚಿದ್ದರೆ ಕಾಯಿ ಎಟುಕುತ್ತಿತ್ತು. ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನೆಲ ನೋಡುತ್ತ ನಿಂತೆ. ಗಂಡ ಸತ್ತವಳು ಏಕೆ ಸುಮ್ಮನಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಆ ಅನುಕೂಲ ನನಗೆ ಅಂದೇ ತಿಳಿದದ್ದು. ಕಾಯಿಯಾದರೋ ಎಲ್ಲರ ಕಣ್ಣೆದುರೇ ಇತ್ತು. ದೇವರ ಮೇಲೆ ಯಾರು ಅನುಮಾನ ಪಡುತ್ತಾರೆ? ದಾಸ್‌ಬಾಬು ಎಂಜಿನ್ ಮುಗಿದಿದೆ ಎಂದು ತಲೆಯಾಡಿಸಿ, ಇನ್ನೊಮ್ಮೆ ಕೈಮುಗಿದು ಹೊರಟುಹೋದರು.

ಸಂಜೆ ಮಹಡಿಯಿಂದ ಇಳಿದು ಬಂದ ಕಾರ್ತಿಕ್ ಗಾಡಿಯನ್ನು ನೋಡಿದ, ಕಾಯಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಆಂಟಿ, ಕಾಯಿ ತೆಗೀಲಾ?" ಎಂದು ಮೆಲ್ಲಗೆ ಕೇಳಿದ.

"ವಿಸರ್ಜನೆ ಆಗದೆ ಕಲಶ ಕದಲಿಸಬಾರದಪ್ಪ. ಅಣ್ಣನ ರೈಲು ನಾಳೆ ಮಧ್ಯಾಹ್ನ," ಎಂದೆ. ಅವನು ಕೆಮ್ಮುತ್ತ ಮಹಡಿ ಹತ್ತಿದ. ಮಹಡಿಯ ಮೇಲೆ ತುಂಬ ಹೊತ್ತು ಇಬ್ಬರಿಗೂ ಕೆಮ್ಮು.

ಅಣ್ಣ ಮಾತ್ರ ಅಂದಿನಿಂದ ಮೆತ್ತಗಾದ. ಊಟಕ್ಕೆ ಕೂತವನು ಅನ್ನ ಕಲಸುತ್ತ, "ಪುಟ್ಟಿ, ಇದು ಭಾವನದೇ ಕೆಲಸ ಕಣೆ. ಅವರಿಗೆ ಗಾಡಿ ಬಿಡೋಕೆ ಮನಸ್ಸಿಲ್ಲ. ನಾನಿನ್ನು ಮಾರು ಅನ್ನಲ್ಲ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು, ಅದು ನಾಟಕವಾಗಿರಲಿಲ್ಲ. ಈಗ ಮೈಸೂರಿನ ನೆಂಟರಿಷ್ಟರಿಗೆಲ್ಲ ಈ ಕಥೆ ಗೊತ್ತು. ಹೋದ ಗಂಡ ಹೆಂಡತಿಯ ಗಾಡಿಯನ್ನು ಹೇಗೆ ಅಡ್ಡಗಟ್ಟಿದ ಎಂದು ಅಣ್ಣ ಹೇಳುವಾಗ ಎಲ್ಲರೂ ಮೈಜುಮ್ಮೆನ್ನಿಸಿಕೊಳ್ಳುತ್ತಾರಂತೆ. ನಾನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ನನ್ನ ಕೈಯಲ್ಲಿ ಸಾರು ಉಪ್ಪಾದಾಗ ಉಪ್ಪಿನ ಕಂಪನಿಯನ್ನು ಬೈದವರು ನಮ್ಮ ಯಜಮಾನರು. ನಾನು ರೈಲು ತಪ್ಪಿಸಿದ್ದಕ್ಕೆ ತಮ್ಮ ಗಡಿಯಾರವನ್ನು ದೂರಿದವರು. ಬದುಕಿದ್ದಷ್ಟು ದಿನ ನನ್ನ ತಪ್ಪನ್ನೆಲ್ಲ ತಮ್ಮ ತಲೆಮೇಲೆ ಹಾಕಿಕೊಂಡರು. ಇದೊಂದನ್ನೂ ಹಾಕಿಕೊಳ್ಳಲಿ ಎಂದು ಬಿಟ್ಟಿದ್ದೇನೆ. ಬೇಡವಾಗಿದ್ದರೆ ಅವರೇ ಬಂದು ಹೇಳುತ್ತಿದ್ದರು. ನಾನು ಕಾದೂ ನೋಡಿದೆ, ಬರಲಿಲ್ಲ.